ತುಂಗಭದ್ರಾ ಅಚ್ಚುಕಟ್ಟಿನ ಭತ್ತ: ಹಾಕಿದ್ದು ದಕ್ಕಬೇಕಾದರೆ

ಎಕರೆಗೆ ಎಷ್ಟು ಚೀಲ ಬಂತು ಅನ್ನುವುದು ಅರ್ಧ ಲೆಕ್ಕ. ಹಾಕಿದ ಒಂದೊಂದು ಕೆಜಿ ಸಾರಜನಕಕ್ಕೆ ಎಷ್ಟು ಭತ್ತ ದಕ್ಕಿತು ಅಂತಲೂ ನೋಡಬೇಕು. 30 ಕ್ವಿಂಟಲ್ ಇಳುವರಿಗೆ 60 ಕೆಜಿ ಹಾಕಿದ್ದರೆ ಕೆಜಿಗೆ 50 ಕೆಜಿ ಭತ್ತ. ಅದೇ ಇಳುವರಿಗೆ 100 ಕೆಜಿ ಸುರಿದಿದ್ದರೆ ಬರೀ 30.

ಮೊದಲು ನಾಟಿ. 25 ದಿನದ ಸಸಿ, 20×10 ಸೆಂ.ಮೀ ಅಂತರ, ಗುಣಿಗೆ 2–3 ಸಸಿ, 2–3 ಸೆಂ.ಮೀ ಆಳ. ಆಳಕ್ಕೆ ಹೋದರೆ ತೆಂಡೆ (ಬುಡದಿಂದ ಏಳುವ ಹೊಸ ಕವಲು) ಒಡೆಯುವುದು ತಡವಾಗುತ್ತದೆ. ಗುತ್ತಿಗೆ ನಾಟಿಯಲ್ಲಿ ಗುಣಿ ದೂರವಾಗುವುದು ಸಾಮಾನ್ಯ, ಆಳುಗಳು ಗದ್ದೆಯಲ್ಲಿರುವಾಗಲೇ ಎಣಿಸಿ: ಚದರ ಮೀಟರಿಗೆ 50 ಗುಣಿ ಇರಬೇಕು. ಇಲ್ಲಿ ಕಳೆದದ್ದನ್ನು ಆಮೇಲೆ ಯೂರಿಯಾ ತುಂಬಿಕೊಡುವುದಿಲ್ಲ.

ಇಲ್ಲಿನ ನೀರಾವರಿ ಭತ್ತಕ್ಕೆ ಶಿಫಾರಸು ಎಕರೆಗೆ ಸಾರಜನಕ, ರಂಜಕ, ಪೊಟ್ಯಾಷ್ 60:30:30 ಕೆಜಿ. 65 ಕೆಜಿ ಡಿಎಪಿ ಹಾಕಿದರೆ ರಂಜಕ ಪೂರ್ತಿಯಾಗುತ್ತದೆ, ಜೊತೆಗೆ ಸುಮಾರು 12 ಕೆಜಿ ಸಾರಜನಕವೂ ಬಂದುಬಿಡುತ್ತದೆ. ಇದನ್ನು ಕಳೆಯದೆ ಯೂರಿಯಾ ಹಾಕುವುದರಿಂದಲೇ ದುಡ್ಡು ಸೋರುವುದು. ಉಳಿದ 48 ಕೆಜಿಗೆ ಸಾಕಾಗುವುದು 105 ಕೆಜಿ ಯೂರಿಯಾ: ನಾಟಿ ವೇಳೆ 39, ತೆಂಡೆ ಒಡೆಯುವಾಗ 33, ತೆನೆ ಹುಟ್ಟುವಾಗ 33. 30 ಕೆಜಿ ಪೊಟ್ಯಾಷ್‌ಗೆ ಎಂಒಪಿ ಗೊಬ್ಬರ 50 ಕೆಜಿಯ ಒಂದು ಚೀಲ. ಸತುವಿನ ಸಲ್ಫೇಟ್ 8 ಕೆಜಿ ಬೇರೆಯಾಗಿಯೇ ಎರಚಿ. ಡಿಎಪಿ ಜೊತೆ ಬೆರೆಸಿದರೆ ಸತು ಬೆಳೆಗೆ ಸಿಗುವುದಿಲ್ಲ.

ಕೊನೆಯ ಕಂತಿಗೆ ಕ್ಯಾಲೆಂಡರ್ ನಂಬಬೇಡಿ. ಸೋನಾ ಮಸೂರಿಯಂಥ ದೀರ್ಘಾವಧಿ ತಳಿಯಲ್ಲಿ ನಾಟಿಯಾಗಿ 50 ದಿನ ಕಳೆದ ಮೇಲೆ ನಾಲ್ಕಾರು ಕಡೆ ತಾಯಿ ತೆಂಡೆ (ಗುಣಿಯ ಮುಖ್ಯ ಕಾಂಡ) ಕಿತ್ತು, ಬುಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಮೇಲ್ಗಣ್ಣಿನ ತುದಿಯಲ್ಲಿ 1–2 ಮಿ.ಮೀ ಉದ್ದದ, ಬಿಳಿ ನವಿರು ಇರುವ ಮೊನೆ ಕಂಡರೆ ಅದೇ ತೆನೆ, ಅದೇ ಹೊತ್ತು. ತಡ ಮಾಡಿದರೆ ಎಲೆ ಕಪ್ಪು ಹಸಿರಾಗುತ್ತದೆ, ಕಾಳು ಹೆಚ್ಚುವುದಿಲ್ಲ. ಬೆಂಕಿ ರೋಗ, ಕಂದು ಜಿಗಿಹುಳು ಮಾತ್ರ ಹೆಚ್ಚುತ್ತವೆ. ಸೋನಾ ಮಸೂರಿಗೆ ಬೆಂಕಿ ರೋಗ ತಡೆಯುವ ಶಕ್ತಿ ಮೊದಲೇ ಕಡಿಮೆ.

ಯೂರಿಯಾ ಎರಚುವ ಮುಂಚೆ ನೀರು ಬಸಿದು ಮಡೆ ಕಟ್ಟಿ, ಮರುದಿನ ನೀರು ಬಿಡಿ. ನಿಂತ ನೀರಿಗೆ ಹಾಕಿದ್ದರಲ್ಲಿ ಒಂದಷ್ಟು ಅಮೋನಿಯಾ ಆಗಿ ಗಾಳಿ ಸೇರುತ್ತದೆ. ಗದ್ದೆಯಿಂದ ಗದ್ದೆಗೆ ನೀರು ಹರಿಯುತ್ತಿದ್ದರೆ ನಿಮ್ಮ ಗೊಬ್ಬರ ಕೆಳಗಿನವರ ಪಾಲು.

ನೀರು ಯಾವಾಗ ಬಿಡಬೇಕು ಅಂತ ತಿಳಿಯಲು 30 ಸೆಂ.ಮೀ ಉದ್ದದ ಪಿವಿಸಿ ಕೊಳವೆ ಸಾಕು. ಕೆಳಗಿನ 15 ಸೆಂ.ಮೀ ಭಾಗಕ್ಕೆ ತೂತು ಕೊರೆದು ಅಷ್ಟನ್ನೇ ಹೂತು, ಒಳಗಿನ ಮಣ್ಣು ತೆಗೆಯಿರಿ. ನಾಟಿಯ ಮೊದಲ ಎರಡು ವಾರ ಕಳೆಗೆ ಅವಕಾಶವಾಗದಂತೆ ನೀರು ನಿಲ್ಲಿಸಿ. ಆಮೇಲೆ ಕೊಳವೆಯಲ್ಲಿ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ ಕೆಳಗಿಳಿದಾಗ 5 ಸೆಂ.ಮೀ ನಿಲ್ಲುವಷ್ಟು ಬಿಡಿ. ಹೂ ಬಿಡುವಾಗ ಒಣಗಿಸಿದರೆ ಜೊಳ್ಳು ಖಂಡಿತ. ಸವಳು ಗದ್ದೆಯಲ್ಲಿ ಈ ಪದ್ಧತಿ ಬೇಡವೇ ಬೇಡ, ಒಣಗಿದಾಗ ಉಪ್ಪು ಬೇರಿನ ಹತ್ತಿರ ಏರುತ್ತದೆ. ಅಲ್ಲಿ ಮೊದಲು ಬಸಿಗಾಲುವೆ ತೋಡಿಸಿ.

ಕೊಯ್ಲಿಗೆ 10 ದಿನ ಮೊದಲು ನೀರು ಬಸಿಯಿರಿ. ತೆನೆಯ ನೂರಕ್ಕೆ 80–85 ಕಾಳು ಹೊಂಬಣ್ಣಕ್ಕೆ ತಿರುಗಿದಾಗ ಕೊಯ್ಯಿರಿ. ಬಿಟ್ಟಷ್ಟೂ ಕಾಳು ಉದುರುತ್ತದೆ, ಗಿರಣಿಯಲ್ಲಿ ನುಚ್ಚಾಗುತ್ತದೆ.