ಕಸದ ಗುಡ್ಡೆಯ ಮೇಲ್ಮಗ್ಗುಲಿನ ಬಾವಿ

ಬಯಲುಸೀಮೆಯ ಒಂದು ಪಟ್ಟಣದ ಹೊರವಲಯದಲ್ಲಿ ಕಸ ಸುರಿಯುವ ಜಾಗವೂ ಅದಕ್ಕೆ ತಾಗಿಕೊಂಡೇ ಕೊಳಚೆ ನೀರು ನಿಲ್ಲಿಸುವ ಮೂರು ಹೊಂಡಗಳೂ ಇವೆ. ಅವುಗಳ ಸುತ್ತಲಿನ ಅಂತರ್ಜಲದ ಮೇಲೆ ಎರಡು ವರ್ಷ ನಿಗಾ ಇಡುವ ಕೆಲಸ ನನ್ನ ಪಾಲಿಗೆ ಬಂದಾಗ, ಪ್ರಯೋಗಾಲಯದ ಪರೀಕ್ಷೆಯೇ ಕಷ್ಟದ ಭಾಗವೆಂದು ನಾನು ಎಣಿಸಿದ್ದೆ. ನಿಜವಾಗಿ ಕಾಡಿದ್ದು, ಯಾವ ಬಾವಿಯ ನೀರನ್ನು ಯಾವುದರೊಡನೆ ಹೋಲಿಸಬೇಕೆಂಬ ಪ್ರಶ್ನೆ.

ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಭೂಭರ್ತಿ (ಕಸ ತುಂಬುವ) ಜಾಗದ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ ಮತ್ತು ಮಳೆಗಾಲದ ನಂತರ ಪರೀಕ್ಷಿಸಬೇಕೆಂದು ಹೇಳುತ್ತಿದ್ದವು. ಅದಕ್ಕೆಂದೇ ಕೊರೆದ ಬಾವಿಗಳು ಅಲ್ಲಿರಲಿಲ್ಲವಾದ್ದರಿಂದ ಸುತ್ತಲಿನ ರೈತರ ಆರು ಕೊಳವೆಬಾವಿಗಳನ್ನೂ ಎರಡು ತೆರೆದ ಬಾವಿಗಳನ್ನೂ ಆರಿಸಿಕೊಂಡೆ. ನೆಲ ಪೂರ್ವದ ಕೆರೆಯ ಕಡೆಗೆ ಇಳಿಜಾರಾಗಿತ್ತು. ಹಾಗಾಗಿ ಪಶ್ಚಿಮದ ತೆಂಗಿನ ತೋಟದ ಕೊಳವೆಬಾವಿಯನ್ನು ಮಾಲಿನ್ಯ ತಾಗದ ನೀರಿನ ಮಾದರಿಯೆಂದು ಗುರುತು ಮಾಡಿದೆ.

ಮೊದಲ ಸುತ್ತಿನಲ್ಲಿ ಆ ಮೇಲಿನ ಬಾವಿಯ ಕ್ಲೋರೈಡ್ ಮತ್ತು ವಿದ್ಯುತ್ ವಾಹಕತೆ (ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಏರುವ ಅಳತೆ) ಕೆಳಗಿನ ಬಾವಿಗಳಷ್ಟೇ ಇದ್ದವು. ಅಲ್ಲಿಗೇ ನಿಲ್ಲಿಸಿದ್ದರೆ, ಕಸದಿಂದಲೂ ಕೊಳಚೆಯಿಂದಲೂ ಏನೂ ಆಗಿಲ್ಲವೆಂದು ವರದಿ ಬರೆದುಬಿಡಬಹುದಿತ್ತು. ಅನುಮಾನ ಬಂದು, ಎಲ್ಲ ಬಾವಿಗಳ ಬಾಯಿಯ ಎತ್ತರವನ್ನು ಲೆವೆಲ್ ಯಂತ್ರದಿಂದ ಅಳೆದು, ಥ್ರೀ ಫೇಸ್ ಕರೆಂಟ್ ಬರುವ ಮುನ್ನ ಬೆಳಗಿನ ಜಾವದಲ್ಲಿ ನೀರಿನ ಮಟ್ಟವನ್ನು ನೋಡಿದೆ. ತಳಕ್ಕೆ ಹಾಸಿಲ್ಲದ ಆ ಹೊಂಡಗಳು ವರ್ಷವಿಡೀ ತುಂಬಿರುವುದರಿಂದ ಅವುಗಳ ಕೆಳಗೆ ಅಂತರ್ಜಲ ದಿಬ್ಬದಂತೆ ಎದ್ದು, ನೆಲದ ಇಳಿಜಾರನ್ನು ಲೆಕ್ಕಿಸದೆ ಪಶ್ಚಿಮಕ್ಕೂ ಹರಿಯುತ್ತಿತ್ತು. ನಾನು ಮೇಲೆಂದುಕೊಂಡ ಬಾವಿ ನೀರಿನ ಲೆಕ್ಕದಲ್ಲಿ ಕೆಳಗಿತ್ತು! ಆಮೇಲೆ ಅದೇ ಬಗೆಯ ಶಿಲೆಯಿರುವ, ಮನೆಗಳ ಇಂಗುಗುಂಡಿಗಳಿಂದ ದೂರದ ಬೇರೊಂದು ಬಾವಿಯನ್ನು ಹುಡುಕಿಕೊಳ್ಳಬೇಕಾಯಿತು.

ಮಾದರಿ ತೆಗೆಯುವ ಮೊದಲು ಬಾವಿಯಲ್ಲಿ ನಿಂತ ನೀರನ್ನು ಹೊರಹಾಕಬೇಕು. ಆರೂವರೆ ಇಂಚಿನ ಕೊಳವೆಬಾವಿಯಲ್ಲಿ ಒಂದು ಮೀಟರಿಗೆ ಸುಮಾರು 21.4 ಲೀಟರ್ ನೀರಿರುತ್ತದೆ; 60 ಮೀಟರ್ ನೀರಿದ್ದರೆ ಅದರ ಮೂರು ಪಟ್ಟು, ಅಂದರೆ 3,800 ಲೀಟರಿಗೂ ಹೆಚ್ಚು, ಹೋಗಬೇಕು. ರೈತರು ತೋಟಕ್ಕೆ ನೀರು ಬಿಡುವ ಹೊತ್ತಿಗೇ ಹೋದರೆ ಇದು ತಾನಾಗಿಯೇ ಆಗುತ್ತದೆ. ಆದರೂ ವಾಹಕತೆ, ಪಿಎಚ್ ಮತ್ತು ಉಷ್ಣತೆ ಒಂದೇ ಸಮನೆ ನಿಲ್ಲುವವರೆಗೆ ನಾನು ಬಾಟಲಿ ತುಂಬುತ್ತಿರಲಿಲ್ಲ. ಲೋಹಗಳ ಮಾದರಿಯನ್ನು 0.45 ಮೈಕ್ರಾನ್ ಶೋಧಕದಲ್ಲಿ ಬಾವಿಯ ಬಳಿಯೇ ಸೋಸಿ ನೈಟ್ರಿಕ್ ಆಮ್ಲ ಹಾಕಬೇಕು. ಒಮ್ಮೆ ಸಂಜೆ ಮಾಡಿದರಾಯಿತೆಂದು ಬಿಟ್ಟೆ. ಅಷ್ಟರಲ್ಲಿ ಕಬ್ಬಿಣ ತುಕ್ಕಾಗಿ ಬಾಟಲಿಯ ತಳ ಹಿಡಿದಿತ್ತು, ಆ ಸುತ್ತಿನ ಲೋಹದ ಅಂಕಿಗಳನ್ನೆಲ್ಲ ಕೈಬಿಟ್ಟೆ.

ಅಂಕಿಗಳನ್ನು ಓದುವುದರಲ್ಲೂ ಮೋಸ ಹೋಗುವುದು ಸುಲಭ. ಕುಡಿಯುವ ನೀರಿನಲ್ಲಿ ನೈಟ್ರೇಟ್‌ನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೊಂಡಕ್ಕೆ ತೀರ ಹತ್ತಿರದ ತೆರೆದ ಬಾವಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಅದು ಶುದ್ಧ ನೀರಿನ ಗುರುತಲ್ಲ. ಆಮ್ಲಜನಕ ಮುಗಿದ ನೀರಿನಲ್ಲಿ ಸಾರಜನಕ ಅಮೋನಿಯಾ ರೂಪದಲ್ಲೇ ಉಳಿಯುತ್ತದೆ, ಮಣ್ಣಿನ ಮ್ಯಾಂಗನೀಸ್ ಕರಗಿ ಬರುತ್ತದೆ. ಅಲ್ಲಿ ಅವೆರಡೂ ಹೆಚ್ಚಿದ್ದವು. ಆಮ್ಲಜನಕ ಸಿಗುವ ದೂರದ ಬಾವಿಗಳಲ್ಲಿ ಮಾತ್ರ ನೈಟ್ರೇಟ್ ಏರಿತ್ತು.

ಕೆಳಗಿನ ಹೊಲದ ಮನೆಯಾಕೆ ಮೊದಲ ದಿನವೇ, "ಈ ನೀರಲ್ಲಿ ಬೇಳೆನೇ ಬೇಯಲ್ಲ ಸರ್" ಎಂದಿದ್ದರು. ಅದನ್ನು ನಾನು ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ. ಅವರ ಬಾವಿಯ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಮೀರಿತ್ತೆಂದು ತಿಳಿದದ್ದು ಎರಡು ತಿಂಗಳ ಮೇಲೆ. ಕಸದ ರಸ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸುತ್ತ ಸಾಗುವುದರಿಂದ ಹೀಗಾಗುವುದುಂಟು. ಎರಡನೆಯ ವರ್ಷದಿಂದ ಪ್ರತಿ ಬಾವಿಯ ಹಾಳೆಯಲ್ಲೂ ಮನೆಯವರ ಮಾತಿಗೆಂದು ಒಂದು ಕಾಲಂ ಸೇರಿಸಿದೆ.