ಬಿರುಕು ಬಿಟ್ಟ ಮೀನಿನ ತೊಟ್ಟಿಯನ್ನು ಮನೆಯಲ್ಲೇ ಸರಿಪಡಿಸುವ ಕ್ರಮ

ನೆಲ ಒರೆಸುವಾಗ ಮಾಪಿನ ಹಿಡಿ ತಗುಲಿ ನಮ್ಮ ಮನೆಯ ಎರಡಡಿ ತೊಟ್ಟಿಯ ಪಕ್ಕದ ಗಾಜಿನಲ್ಲಿ ಬೆರಳುದ್ದದ ಬಿರುಕು ಕಾಣಿಸಿಕೊಂಡಾಗ, ಮನೆಯಲ್ಲಿದ್ದ ಎಪಾಕ್ಸಿ ಪುಟ್ಟಿಯನ್ನು ಹೊರಗಡೆಯಿಂದ ಮೆತ್ತಿ ಕೆಲಸ ಮುಗಿಯಿತೆಂದುಕೊಂಡಿದ್ದೆ. ಮೂರನೆಯ ದಿನ ಬೆಳಗ್ಗೆ ಸ್ಟ್ಯಾಂಡಿನ ಕೆಳಗೆ ನೀರು ನಿಂತಿತ್ತು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು ಎತ್ತರವಿರುವ ತೊಟ್ಟಿ ತುಂಬಿದಾಗ ಅದರಲ್ಲಿ 54 ಲೀಟರ್ ನೀರಿರುತ್ತದೆ; ಆ ನೀರು ಉದ್ದನೆಯ ಗಾಜನ್ನು ಸುಮಾರು 27 ಕೆ.ಜಿ. ಭಾರದಷ್ಟು, ಪಕ್ಕದ ಗಾಜನ್ನು ಅದರ ಅರ್ಧದಷ್ಟು ಬಲದಿಂದ ಹೊರಕ್ಕೆ ಒತ್ತುತ್ತಿರುತ್ತದೆ. ಹೊರಗೆ ಹಾಕಿದ ತೇಪೆಯನ್ನು ಈ ಒತ್ತಡ ಕಿತ್ತೆಸೆಯಲು ನೋಡುತ್ತದೆ, ಒಳಗೆ ಹಾಕಿದ ತೇಪೆಯನ್ನು ಅದೇ ಒತ್ತಡ ಗಾಜಿಗೆ ಅಮುಕಿ ಹಿಡಿಯುತ್ತದೆ. ಆದ್ದರಿಂದ ದುರಸ್ತಿಯೆಲ್ಲ ಒಳಗಿನಿಂದಲೇ ಆಗಬೇಕು.

ಮೀನುಗಳನ್ನು ತೊಟ್ಟಿಯದೇ ನೀರು ತುಂಬಿದ ಅಗಲವಾದ ಬಕೆಟಿಗೆ ವರ್ಗಾಯಿಸಿ, ಏರ್ ಪಂಪನ್ನು ಅದರಲ್ಲಿ ಚಾಲೂ ಇಡಬೇಕು. ಫಿಲ್ಟರಿನ ಸ್ಪಂಜನ್ನು ತೊಳೆದು ಒಣಗಿಸುವ ಉತ್ಸಾಹ ಬೇಡ. ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳು ಅದರಲ್ಲೇ ಇರುವುದರಿಂದ ಅದೂ ಬಕೆಟಿನಲ್ಲೇ ಇರಲಿ. ಈ ವ್ಯವಸ್ಥೆ ಕನಿಷ್ಠ ಒಂದು ವಾರ ನಡೆಯಬೇಕಾದೀತು.

ಗಾಜು ಗಾಜು ಸೇರುವ ಸಂದಿಯಲ್ಲಿ ಮಾತ್ರ ಸೋರುತ್ತಿದ್ದರೆ ಹೊಸ ಸಿಲಿಕೋನ್ ಸಾಕು. ಒಂದೇ ಗೆರೆಯ ಸಣ್ಣ ಬಿರುಕಿಗೆ ಗಾಜಿನ ತೇಪೆ ಹಾಕಬಹುದು. ಬಿರುಕು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹೋಗಿದ್ದರೆ, ಅಥವಾ ತಳದ ಗಾಜು ನಕ್ಷತ್ರದಂತೆ ಸೀಳಿದ್ದರೆ, ತೇಪೆಯ ಆಸೆ ಬಿಟ್ಟು ಆ ಗಾಜನ್ನೇ ಬದಲಿಸಬೇಕು.

ಹಣ ಉಳಿಸಲು ಅವಕಾಶವಿರುವುದು ಗಾಜಿನಲ್ಲಿ. ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ತೊಟ್ಟಿಯ ಗಾಜಿನಷ್ಟೇ ದಪ್ಪದ ತುಂಡನ್ನು ಅಳತೆಗೆ ಕೊಯ್ಯಿಸಿಕೊಂಡರೆ ಇಡೀ ಹಾಳೆಯ ಬೆಲೆ ತೆರಬೇಕಾಗುವುದಿಲ್ಲ. ತೇಪೆಯು ಬಿರುಕಿನ ಸುತ್ತಲೂ ಎರಡೆರಡು ಇಂಚು ಹೆಚ್ಚಿರಬೇಕು. ಬಿರುಕು ಮೂಲೆಗೆ ಹತ್ತಿರವಿದ್ದರೆ ತೇಪೆ ಪಕ್ಕದ ಗಾಜಿನವರೆಗೂ ಹೋಗಿ ಆ ಸಂದಿಗೇ ಸೇರಲಿ. ಕೊಯ್ದ ಅಂಚು ಚೂಪಾಗಿರುವುದರಿಂದ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ನಾಲ್ಕೂ ಬದಿ ಉಜ್ಜಬೇಕು. ಒಣ ಗಾಜನ್ನು ಉಜ್ಜಿದರೆ ಅದರ ಪುಡಿ ಶ್ವಾಸದೊಳಗೆ ಹೋಗುತ್ತದೆ.

ಸಿಲಿಕೋನಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಬಚ್ಚಲುಮನೆಗೆಂದು ಮಾರುವ, ಬೂಷ್ಟು ನಿರೋಧಕವೆಂದು ಬರೆದಿರುವ ಸಿಲಿಕೋನಿನಲ್ಲಿ ಬೆರೆಸಿದ ರಾಸಾಯನಿಕವು ಮೀನಿಗೆ ವಿಷವಾಗಬಲ್ಲುದು. ಅಕ್ವೇರಿಯಂಗೆ ಯೋಗ್ಯವೆಂದು ಟ್ಯೂಬಿನ ಮೇಲೆ ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಿ ತರಬೇಕು. ಇಂಥವು ಹಚ್ಚುವಾಗ ಸಾಮಾನ್ಯವಾಗಿ ವಿನಿಗರಿನಂತೆ ಘಾಟು ಹೊಡೆಯುತ್ತವೆ. ಸಣ್ಣ ಕೆಲಸಕ್ಕೆ ಕೈಯಲ್ಲೇ ಒತ್ತುವ ಚಿಕ್ಕ ಟ್ಯೂಬ್ ಸಿಕ್ಕರೆ ಸಿಲಿಕೋನ್ ಗನ್ನಿನ ಖರ್ಚೂ ಉಳಿಯುತ್ತದೆ.

ಇನ್ನು ಬೇಸರದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಒಣಗಿ ಗಟ್ಟಿಯಾದ ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಕಚ್ಚುವುದಿಲ್ಲ. ಸೋರುವ ಜಾಗದಲ್ಲಷ್ಟೇ ಚೂರು ಹಚ್ಚಿ ಕೈತೊಳೆದುಕೊಂಡವರ ತೊಟ್ಟಿ ಮತ್ತೆ ಸೋರುವುದು ಇದರಿಂದಲೇ. ಹಳೆಯ ಪದರವನ್ನು ಹೊಸ ಬ್ಲೇಡಿನಿಂದ, ಬ್ಲೇಡನ್ನು ಗಾಜಿಗೆ ತೀರಾ ವಾಲಿಸಿ ಹಿಡಿದು, ಪಟ್ಟಿಪಟ್ಟಿಯಾಗಿ ಎಬ್ಬಿಸಬೇಕು. ಕಣ್ಣಿಗೆ ಕಾಣದ ತೆಳುಪೊರೆ ಉಳಿದಿದೆಯೇ ಎಂಬುದು ಉಗುರಿಗೆ ಗೊತ್ತಾಗುತ್ತದೆ: ಬರಿಯ ಗಾಜಿನ ಮೇಲೆ ಉಗುರು ಜಾರುತ್ತದೆ, ಸಿಲಿಕೋನ್ ಇದ್ದಲ್ಲಿ ತಡೆಯುತ್ತದೆ. ಗಾಜುಗಳ ನಡುವಿನ ಸಂದಿಯೊಳಗಿರುವ ಸಿಲಿಕೋನನ್ನು ಮಾತ್ರ ಮುಟ್ಟಬಾರದು, ತೊಟ್ಟಿಯನ್ನು ಹಿಡಿದಿಟ್ಟಿರುವುದು ಅದೇ. ಗಾಜನ್ನೇ ಬದಲಿಸುವವರು ಮೀನು ಹಿಡಿಯುವ ನೈಲಾನ್ ದಾರವನ್ನು ಆ ಸಂದಿಗೆ ತೂರಿಸಿ ಗರಗಸದಂತೆ ಎಳೆದರೆ ಅದು ಕೊಯ್ದುಕೊಂಡು ಬರುತ್ತದೆ. ಕೊನೆಗೆ ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಅಲ್ಲಿಗೆ ಬೆರಳು ತಾಗಿಸದಿರಬೇಕು.

ತೊಟ್ಟಿಯನ್ನು ಬಿರುಕಿನ ಗಾಜು ಕೆಳಗೆ ಬರುವಂತೆ ಮಲಗಿಸಿದರೆ ತೇಪೆ ಜಾರುವುದಿಲ್ಲ. ತೇಪೆಯ ಅಂಚಿನುದ್ದಕ್ಕೂ, ಬಿರುಕಿನ ಗೆರೆಯ ಮೇಲೂ ಸಿಲಿಕೋನ್ ಎಳೆದು, ತೇಪೆಯನ್ನು ಒಂದು ಬದಿಯಿಂದ ಇಳಿಸುತ್ತಾ ಬಂದರೆ ಗಾಳಿ ಹೊರಗೆ ಹೋಗುತ್ತದೆ. ಮೆಲ್ಲಗೆ ಒತ್ತಿದಾಗ ಸಿಲಿಕೋನ್ ನಾಲ್ಕೂ ಕಡೆ ಉಬ್ಬಿ ಬರಬೇಕು. ಅದರ ಮೇಲೆ ಮತ್ತೊಂದು ಎಳೆ ಹಾಕಿ ಬೆರಳಿನಿಂದ ಒಂದೇ ಸಮನೆ ಎಳೆದುಬಿಡಬೇಕು. ಐದು ಹತ್ತು ನಿಮಿಷದಲ್ಲಿ ಪೊರೆ ಕಟ್ಟತೊಡಗುತ್ತದೆ. ಆಮೇಲೆ ತಿದ್ದಲು ಹೋದರೆ ಕಿತ್ತುಬರುತ್ತದೆ. ಅಂದಕ್ಕೆಂದು ಮಾಸ್ಕಿಂಗ್ ಟೇಪ್ ಅಂಟಿಸಿದ್ದರೆ ಅದನ್ನೂ ಪೊರೆ ಕಟ್ಟುವ ಮೊದಲೇ ತೆಗೆಯಬೇಕು.

ಸಿಲಿಕೋನ್ ಬಣ್ಣದಂತೆ ಒಣಗುವುದಿಲ್ಲ. ಗಾಳಿಯ ತೇವವನ್ನು ಹೀರಿ, ಹೊರಗಿನಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಗಟ್ಟಿಯಾಗುತ್ತಾ ಹೋಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಬಟ್ಟೆ ಒಣಗದ ದಿನಗಳು ಈ ಕೆಲಸಕ್ಕೆ ಒಳ್ಳೆಯವು, ಬಿಸಿಲಿಗೆ ಇಡುವುದರಿಂದ ವಿಶೇಷ ಲಾಭವಿಲ್ಲ. ಸಂದಿಗಷ್ಟೇ ಹಚ್ಚಿದ್ದರೆ ಮೂರು ದಿನ, ತೇಪೆಯಿದ್ದರೆ ವಾರ ಕಾಯಬೇಕು. ಘಾಟು ಉಳಿದಿದೆಯೆಂದರೆ ಕಾಯುವುದು ಮುಗಿದಿಲ್ಲ.

ಪರೀಕ್ಷೆಯನ್ನು ಸೋರಿದರೂ ನಷ್ಟವಾಗದ ಜಾಗದಲ್ಲಿ, ತಳಕ್ಕೆ ಥರ್ಮೊಕೋಲ್ ಹಾಳೆ ಹಾಸಿ, ಸುತ್ತ ಹಳೆಯ ಪತ್ರಿಕೆ ಹರಡಿ ಮಾಡಬೇಕು. ಮೊದಲ ದಿನ ಕಾಲು ಭಾಗ, ಮರುದಿನ ಅರ್ಧ, ಮೂರನೆಯ ದಿನ ಪೂರ್ತಿ ತುಂಬಬೇಕು. ನೀರಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಹಾಕಿದರೂ ಆವಿಯಾಗಿ ಸ್ವಲ್ಪ ಇಳಿಯುವುದರಿಂದ, ನಂಬಬೇಕಾದದ್ದು ಪತ್ರಿಕೆಯ ಮೇಲಿನ ಒದ್ದೆಯನ್ನು. ಪತ್ರಿಕೆ ಒಣಗಿಯೇ ಇದ್ದರೆ ಆ ನೀರನ್ನು ಚೆಲ್ಲಿ, ಒಂದು ದಿನ ತೆರೆದಿಟ್ಟ ನೀರನ್ನು ಬಕೆಟಿನ ಹಳೆಯ ನೀರಿನೊಂದಿಗೆ ಸೇರಿಸಿ ತುಂಬಿ ಮೀನುಗಳನ್ನು ಬಿಡಬಹುದು. ತೇಪೆ ಹಾಕಿದ ತೊಟ್ಟಿಯನ್ನು ನಾನು ಕಂಠಮಟ್ಟ ತುಂಬುವುದಿಲ್ಲ, ಎರಡು ಇಂಚು ಕಡಿಮೆಯೇ ಇಡುತ್ತೇನೆ.

ಟ್ಯೂಬಿನಲ್ಲಿ ಉಳಿದ ಸಿಲಿಕೋನನ್ನು ಎಸೆಯಬೇಕಾಗಿಲ್ಲ. ಮೂತಿಗೆ ಒಂದು ಉದ್ದನೆಯ ಸ್ಕ್ರೂ ತಿರುಗಿಸಿ ಇಟ್ಟರೆ, ಮುಂದಿನ ಸಲ ಅದನ್ನು ಎಳೆದಾಗ ಗಟ್ಟಿಯಾದ ಬಿರಟೆಯೂ ಅದರ ಜೊತೆಗೇ ಹೊರಬರುತ್ತದೆ.