ಚಿಂತೆ ಮತ್ತು ಖಿನ್ನತೆಯ ದಿನಗಳಲ್ಲಿ ಆಪ್ತರೊಡನೆ ಮಾತನಾಡುವ ಬಗೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿಮನೆಗಳಲ್ಲಿ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಉಳಿದ ಹಿರಿಯರು ಮಳೆಗಾಲವಿಡೀ ಅಡಿಕೆಯ ಕೊಳೆರೋಗ, ಎಲೆಚುಕ್ಕಿ ಮತ್ತು ಸಾಲದ ಚಿಂತೆಯನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವುದುಂಟು. ಬಂಧುಬಳಗ ದೊಡ್ಡದಿದ್ದರೂ ಮನಸ್ಸು ಬಿಚ್ಚಲು ಒಬ್ಬರೂ ಇಲ್ಲದಿರಬಹುದು. ಸಂಶೋಧಕರಾದ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್ನಿನ ಮಹಿಳೆಯರ ಕುರಿತು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಷ್ಟ ಎದುರಾದಾಗ ಆಪ್ತವಾಗಿ ಹೇಳಿಕೊಳ್ಳುವ ಸಂಬಂಧವಿಲ್ಲದವರಲ್ಲಿ ಖಿನ್ನತೆ ಹೆಚ್ಚಾಗಿ ಕಂಡುಬಂತು.

ಆದ್ದರಿಂದ ಮೊದಲು ಒಬ್ಬರನ್ನು ಆರಿಸಿಕೊಳ್ಳಿ. ಕೇಳಿದ್ದನ್ನು ಊರಿಗೆ ಹಂಚದವರು, ತಕ್ಷಣ ಬುದ್ಧಿ ಹೇಳದವರು ಆಗಿದ್ದರೆ ಸಾಕು. ಎದುರುಬದುರು ಕೂತು ಹೇಳಲು ಸಂಕೋಚವಾದರೆ, ಅಡಿಕೆ ಸುಲಿಯುವಾಗಲೋ ತೋಟದಲ್ಲಿ ಜೊತೆಗೆ ನಡೆಯುವಾಗಲೋ ಮಾತು ತೆಗೆಯಬಹುದು. "ಏನೋ ಬೇಜಾರು" ಎಂದು ನಿಲ್ಲಿಸದೆ, ನಿದ್ದೆ ಎಷ್ಟು ದಿನದಿಂದ ಕೆಟ್ಟಿದೆ, ಯಾವ ಯೋಚನೆ ಬಿಡದೆ ಕಾಡುತ್ತಿದೆ ಎಂಬುದನ್ನು ಬಿಡಿಸಿ ಹೇಳಿ. ಕೇಳುವವರು "ಧೈರ್ಯವಾಗಿರಿ" ಎಂದು ಮಾತು ಮುಗಿಸಿಬಿಡಬಾರದು. ಆ ಮಾತು ಎಷ್ಟೋ ಜನರ ಬಾಯಿ ಮುಚ್ಚಿಸಿದೆ.

ಆಪ್ತತೆಗೂ ಒಂದು ಅಪಾಯವಿದೆ. ಅದೇ ಸಂಕಟವನ್ನು ಇಬ್ಬರೂ ಸೇರಿ ದಿನವೂ ಕೆದಕುತ್ತಿದ್ದರೆ ಸ್ನೇಹ ಗಟ್ಟಿಯಾಗುತ್ತದೆ, ಆದರೆ ಆತಂಕವೂ ಜೊತೆಗೇ ಬೆಳೆಯಬಹುದು. ಶಾಲಾ ಮಕ್ಕಳ ಸ್ನೇಹದಲ್ಲಿ ಹೀಗೆ ಕೆದಕುವುದಕ್ಕೆ ಈ ಎರಡರೊಂದಿಗೂ ಇರುವ ನಂಟನ್ನು ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ತೋರಿಸಿದ್ದಾರೆ. "ಏನೂ ಆಗಲ್ಲ ಅಲ್ವಾ?" ಎಂದು ಮತ್ತೆ ಮತ್ತೆ ಕೇಳಿ ಪಡೆಯುವ ಸಮಾಧಾನವೂ ಹಾಗೆಯೇ: ಸ್ವಲ್ಪ ಹೊತ್ತಿನಲ್ಲೇ ಕರಗಿ, ಸಮಾಧಾನ ಹೇಳುವವರನ್ನು ದಣಿಸುತ್ತದೆ. ಹೀಗಾಗಿ ಸಂಕಟವನ್ನು ಪೂರ್ತಿ ಹೇಳಿಕೊಂಡ ಬಳಿಕ, ನಾಳೆ ಮಾಡಬಹುದಾದ ಒಂದು ಕೆಲಸವನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು; ಸೊಸೈಟಿಗೆ ಹೋಗಿ ಸಾಲದ ಕಂತಿನ ಬಗ್ಗೆ ವಿಚಾರಿಸುವಷ್ಟು ಚಿಕ್ಕದಾದರೂ ಆದೀತು.

ಖಿನ್ನತೆಯೇ ಮನುಷ್ಯನನ್ನು ಜನರಿಂದ ದೂರ ಸರಿಸುತ್ತದೆ ಎಂಬುದನ್ನು ಮನೆಯವರು ತಿಳಿದಿರಬೇಕು. ಮದುವೆಮನೆಗೆ ಬಾರದವರನ್ನು, ಫೋನ್ ಎತ್ತದವರನ್ನು ಜಂಬದವರೆಂದು ದೂರಬೇಡಿ. ಉತ್ತರ ಬಾರದಿದ್ದರೂ ಮತ್ತೆ ಹೋಗಿ ಮಾತನಾಡಿಸಿ.

ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಮೀರಿದರೆ ಆಪ್ತರ ಮಾತೊಂದೇ ಸಾಲದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ತೋಟಕ್ಕೆ ಹೊಡೆಯುವ ವಿಷದ ಔಷಧಿಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಟ್ಟು, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.